ರೇಂಜ್ ಇರುವ ಕುರ್ಚಿ

ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯ ಆಫೀಸಿನಲ್ಲಿ ನಾಲ್ಕು ಕುರ್ಚಿಗಳಿವೆ. ಮೂರಕ್ಕೆ ಮೆತ್ತನೆಯ ಗಾದಿ. ನಾಲ್ಕನೆಯದರ ಒಂದು ಕಾಲು ಗಿಡ್ಡ. ನೂಲಿನ ಪೆಟ್ಟಿಗೆಯ ರಟ್ಟು ಮಡಚಿ ಅದಕ್ಕೆ ಆಧಾರ ಕೊಟ್ಟಿದ್ದಾರೆ. ಬಂದವರಿಗೆಲ್ಲ ಬೇಕಾದದ್ದು ಮಾತ್ರ ಆ ಕುಂಟು ಕುರ್ಚಿಯೇ. ವೈಫೈ ಪೂರ್ತಿ ಸಿಗುವುದು ಅಲ್ಲೊಂದೇ ಕಡೆ.

ಅದರಲ್ಲಿ ಕೂತವರು ದಿವಾಣಜಿ. ಲೆಕ್ಕ, ಬಿಲ್ಲು, ಕೂಲಿ, ನೂಲಿನ ಜಮಾಖರ್ಚು ನೋಡುವವರಿಗೆ ಈ ಊರಲ್ಲಿ ಹಾಗೆನ್ನುತ್ತಾರೆ. ಹೆಸರು ಕೇಳಿದರೆ ಸಂಸ್ಥಾನದ ದಿವಾನರು ನೆನಪಾದಾರು. ಇವರ ಸಂಸ್ಥಾನವೆಂದರೆ ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಗೋಡೆಯ ಮೊಳೆಗೆ ನೇತುಹಾಕಿದ ಒಂದು ರೌಟರ್. ಸ್ವಂತ ಊರು ಗಡಹಿಂಗ್ಲಜ. ಮನೆಮಾತು ಕನ್ನಡ, ಲೆಕ್ಕ ಮರಾಠಿ, ರೌಟರಿನ ಜೊತೆಗಿನ ಬೈಗುಳ ಎರಡೂ.

ಒಂದು ಸಂಜೆ ಕಾರಖಾನೆಯ ಮಾಲಕ ಶೇಠಜಿ ಬಂದು, "ದಿವಾಣಜೀ, ಸ್ವಲ್ಪ ಏಳ್ರಿ, ಒಂದು ಫೋಟೋ ಕಳಸೋದೈತಿ" ಎಂದರು. ದಿವಾಣಜಿ ಕೂತಲ್ಲಿಂದಲೇ ಕೈ ಮುಗಿದರು. "ನಾ ಎದ್ದರ ಬಿಲ್ಲೂ ಏಳತೈತ್ರಿ ಶೇಠಜಿ. ಲಾರಿ ಹೊರಗ ನಿಂತೈತಿ." 2018ರ ಏಪ್ರಿಲ್ 1ರಿಂದ, 50,000 ರೂಪಾಯಿಗಿಂತ ಹೆಚ್ಚಿನ ಮಾಲು ರಾಜ್ಯದ ಗಡಿ ದಾಟಬೇಕಾದರೆ ಈ-ವೇ ಬಿಲ್ ಬೇಕೇಬೇಕು. ಬಿಲ್ಲು ಹುಟ್ಟುವುದು ಇಂಟರ್ನೆಟ್ಟಿನಲ್ಲಿ. ಬಟ್ಟೆ ನೇಯ್ದಾಗಿದೆ, ಗಂಟು ಕಟ್ಟಿಯಾಗಿದೆ, ಡ್ರೈವರ್ ಎರಡನೇ ಚಹಾ ಮುಗಿಸಿದ್ದಾನೆ. ಲಾರಿ ಹೊರಡುವುದು ಮಾತ್ರ ರೌಟರಿನ ಹಸಿರು ದೀಪದ ಮರ್ಜಿಯಲ್ಲಿದೆ. ಶೇಠಜಿ ನಿಂತೇ ಇದ್ದರು.

ಹಾಗಾದರೆ ತಂತಿ ಯಾಕಿಲ್ಲ? ಮೊದಲು ಇತ್ತು. ಹಾಸಿನ ನೂಲಿಗೆ ಗಂಜಿ ಉಣಿಸದಿದ್ದರೆ ಅದು ಮಗ್ಗದ ಹೊಡೆತ ತಾಳುವುದಿಲ್ಲ. ಗಂಜಿ ಇದ್ದಲ್ಲಿ ಇಲಿಗೆ ಬರವಿಲ್ಲ. ಗಂಜಿ ಉಂಡ ಇಲಿ ಬಾಯಿ ಬದಲಿಸಲು ತಂತಿ ಕಡಿಯಿತು. ಮೂರು ಸಲ ಹೊಸ ತಂತಿ ಎಳೆದ ಮೇಲೆ ಶೇಠಜಿ, "ತಂತಿನ ಇಲ್ಲಂದರ ಇಲಿ ಏನ್ ತಿಂದೀತು?" ಎಂದು ಕೇಳಿದರು. ಆ ತರ್ಕಕ್ಕೆ ಯಾವ ಎಂಜಿನಿಯರನ ಬಳಿಯೂ ಉತ್ತರ ಇರಲಿಲ್ಲ. ರೌಟರ್ ಬಂತು. ಅದಕ್ಕೆ ಅಡ್ಡ ಬಂದದ್ದು ಮಗ್ಗದ ಊರೇ.

ವಿಠ್ಠಲರಾವ್ ದಾತಾರರು ಈ ಊರಿಗೆ ಮೊದಲ ವಿದ್ಯುತ್ ಮಗ್ಗ ತಂದದ್ದು 1904ರಲ್ಲಿ. ಮುಂದೆ ಊರಿಗೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಹೆಸರೇ ಬಿತ್ತು. ಮಗ್ಗವೆಂದರೆ ಕಬ್ಬಿಣ, ಶೆಡ್ಡಿನ ಮೇಲೆ ತಗಡು, ಆಫೀಸಿನ ಮೂಲೆಯಲ್ಲಿ ಉಕ್ಕಿನ ಕಪಾಟು. ರೇಡಿಯೋ ಅಲೆಗೆ ಲೋಹವೆಂದರೆ ಮುಚ್ಚಿದ ಬಾಗಿಲು. ಬಡಿದು ಹಿಂದಿರುಗುತ್ತದೆ, ದಾಟುವುದಿಲ್ಲ. ಶೇಠಜಿ ಮಾತ್ರ ಬಹಳ ದಿನ, ಮಗ್ಗಗಳ ಖಟಖಟ ಸದ್ದಿನಲ್ಲಿ ವೈಫೈ ಕೇಳಿಸುತ್ತಿಲ್ಲ ಎಂದೇ ನಂಬಿದ್ದರು. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಾಗ ಪರೀಕ್ಷಿಸಿಯೂ ನೋಡಿದರು. ಕರೆಂಟಿನ ಜೊತೆ ರೌಟರೂ ಹೋಗಿತ್ತು. ಆ ಶೆಡ್ಡಿನಲ್ಲಿ ಎಂದೂ ಕೆಡದ ತಂತಿರಹಿತ ಜಾಲ ಒಂದೇ: ಗದ್ದಲದಲ್ಲಿ ನೇಕಾರರು ಕಣ್ಣು, ಹುಬ್ಬು, ಬೆರಳುಗಳಲ್ಲಿ ಆಡುವ ಮಾತು. ಹತ್ತು ಮಗ್ಗದಾಚೆ ನಿಂತವನಿಗೆ "ಚಹಾ ಬಂತು" ಎಂಬ ಸುದ್ದಿ ಅದರಲ್ಲಿ ತಪ್ಪದೆ ಮುಟ್ಟುತ್ತದೆ.

ವೈಫೈ ಎಂಬ ಹೆಸರು ಹುಟ್ಟಿದ್ದು 1999ರಲ್ಲಿ. ಅದು ಓಡಾಡುವ 2.4 ಗಿಗಾಹರ್ಟ್ಜ್ ಪಟ್ಟಿಯನ್ನು ಭಾರತ ಸರ್ಕಾರ 2005ರ ಜನವರಿಯಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಿತು. ಅಂದರೆ ಅದು ಊರ ಗೋಮಾಳ. ಯಾರ ದನವೂ ಮೇಯಬಹುದು. ಒಂದೇ ರೌಟರಿನ ಒಂದೇ ಪಟ್ಟಿಗೆ ಅಂಟಿಕೊಂಡವರೆಲ್ಲ ಒಂದೇ ಕಟ್ಟೆಯ ಮೇಲೆ ಕೂತ ಪಂಚರಿದ್ದಂತೆ: ಒಬ್ಬ ಮಾತಾಡುವಾಗ ಉಳಿದವರು ಬಾಯಿ ಮುಚ್ಚಿರಬೇಕು, ಸದ್ದಡಗಿದೆಯೇ ಎಂದು ಕಿವಿಗೊಟ್ಟು ನೋಡಿ ಆಮೇಲೆ ಬಾಯಿ ತೆರೆಯಬೇಕು. ಇಬ್ಬರು ಒಟ್ಟಿಗೆ ಒದರಿದರೆ ಇಬ್ಬರ ಮಾತೂ ಹಾಳು, ಮತ್ತೆ ಮೊದಲಿನಿಂದ. ಕಟ್ಟೆಯಲ್ಲಿ ನಾಲ್ಕು ಜನರಿದ್ದರೆ ನ್ಯಾಯ ತೀರ್ಮಾನವಾಗುತ್ತದೆ. ನಲವತ್ತು ಜನರಿದ್ದರೆ?

ನಲವತ್ತು ಜನ ಹೇಗೆ ಬಂದರೆಂದರೆ, ಪಾಸ್‌ವರ್ಡಿನಿಂದ. ಅದಕ್ಕೆ ಕನಿಷ್ಠ ಎಂಟು ಅಕ್ಷರ ಬೇಕೆಂದು ರೌಟರ್ ಹಟ ಹಿಡಿದದ್ದರಿಂದ ದಿವಾಣಜಿ ಒಂದರಿಂದ ಎಂಟರವರೆಗೆ ಅಂಕಿ ಬರೆದು ಮುಗಿಸಿದ್ದರು. ಮೊದಲು ಅದು ಮುಕಾದಮನಿಗೆ ಗೊತ್ತಾಯಿತು, ಅವನಿಂದ ಚಹಾದ ಹುಡುಗನಿಗೆ, ಹುಡುಗನಿಂದ ಓಣಿಗೆ. ಐಪಿಎಲ್ ಇದ್ದ ಸಂಜೆ ಆಫೀಸಿನ ಹೊರಗೋಡೆಗೆ ಒರಗಿ ನಿಂತವರ ಸಾಲು ನೋಡಿ, ಯಾರೋ ತೀರಿಕೊಂಡಿರಬೇಕೆಂದು ನೂಲಿನ ವ್ಯಾಪಾರಿಯೊಬ್ಬರು ಚಪ್ಪಲಿ ಬಿಟ್ಟೇ ಒಳಗೆ ಬಂದರು.

ಕೊಲ್ಲಾಪುರದ ಪೇಟೆಯ ಆಫೀಸುಗಳ ಕಷ್ಟದ ಬಣ್ಣ ಬೇರೆ. ಹಳೆಯ ವಾಡೆಯ ಗೋಡೆ ಮೊಳಕ್ಕಿಂತ ದಪ್ಪ. ಅಂಥದೊಂದು ಆಫೀಸಿನಲ್ಲಿ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ನೆಟ್ ಸಾಯುತ್ತಿತ್ತು, ಎರಡಕ್ಕೆ ಬದುಕುತ್ತಿತ್ತು. ಕೆಲವರು ವಾಸ್ತು ಎಂದರು. ಕಡೆಗೆ ಸಿಕ್ಕಿಬಿದ್ದದ್ದು ಮೈಕ್ರೋವೇವ್ ಒಲೆ. ಅದು ಅನ್ನ ಬಿಸಿ ಮಾಡುವುದು 2.45 ಗಿಗಾಹರ್ಟ್ಜ್ ಅಲೆಯಲ್ಲಿ, ವೈಫೈನ ಅಂಗಳದಲ್ಲೇ. ಅಷ್ಟಿಷ್ಟು ಸೋರಿದರೂ ಪಕ್ಕದ ರೌಟರಿಗೆ ಕಿವುಡು. 5 ಗಿಗಾಹರ್ಟ್ಜ್ ಪಟ್ಟಿಗೆ ಬದಲಿಸಿದರು. ಅದಕ್ಕೆ ವೇಗ ಹೆಚ್ಚು, ಗೋಡೆ ದಾಟುವ ತ್ರಾಣ ಕಡಿಮೆ. ಈಗ ಸಾಹೇಬರ ಕೋಣೆಯಲ್ಲಿ ನೆಟ್ ಜಿಂಕೆಯಂತೆ ಓಡುತ್ತದೆ. ಲೆಕ್ಕದ ಕೋಣೆಯವರು ಪಾಂಢರಾ ರಸ್ಸಾ ಬಿಸಿಬಿಸಿ ಕುಡಿದು ಮೊಬೈಲ್ ಹಿಡಿದು ಪಡಸಾಲೆಗೆ ಬರುತ್ತಾರೆ.

ತಂತಿ ಬಿಟ್ಟು ನಿಜಕ್ಕೂ ಗೆದ್ದ ಕಥೆ ಇದೇ ಜಿಲ್ಲೆಯಲ್ಲಿದೆ. ಪನ್ಹಾಳ ತಾಲ್ಲೂಕಿನ ವಾರಣಾನಗರ ತಾತ್ಯಾಸಾಹೇಬ ಕೋರೆಯವರು ಸಹಕಾರದಿಂದ ಕಟ್ಟಿದ ಸಕ್ಕರೆಯ ಊರು. ಅಲ್ಲಿ 1998ರಲ್ಲಿ ಸುತ್ತಲಿನ 70 ಹಳ್ಳಿಗಳಿಗೆ ಕಂಪ್ಯೂಟರ್ ಕೇಂದ್ರ ಕೊಡುವ 'ವೈರ್ಡ್ ವಿಲೇಜ್' ಯೋಜನೆ ಶುರುವಾಯಿತು. ಹೆಸರಿನಲ್ಲೇ ತಂತಿ! ಹಳ್ಳಿಗೆ ಜಗತ್ತಿನ ಜ್ಞಾನವೆಲ್ಲ ಬಂದಿಳಿಯುತ್ತದೆಂಬ ಕನಸೂ ಇತ್ತು. ರೈತ ಬಂದು ಕೇಳಿದ್ದು ಮಾತ್ರ ತನ್ನ ಕಬ್ಬು ಎಷ್ಟು ಟನ್ ತೂಗಿತು, ಕಡಿಯುವ ಪರವಾನಗಿ ಯಾವಾಗ, ಗೊಬ್ಬರದ ಬಾಕಿ ಎಷ್ಟು. ಇಷ್ಟಕ್ಕೆ ಅಷ್ಟು ದೊಡ್ಡ ಯಂತ್ರ ಯಾಕೆಂದು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರಾದ ರಾಜೇಶ್ ವೀರರಾಘವನ್, ನಾಗ ಯಶೋಧರ್, ಕೆಂಟಾರೊ ಟೊಯಾಮಾ ಯೋಚಿಸಿದರು. ಕಂಪ್ಯೂಟರ್ ಪಕ್ಕಕ್ಕಿಟ್ಟು ಮೊಬೈಲ್ ಎಸ್ಸೆಮ್ಮೆಸ್ಸಿನಲ್ಲಿ ಅದೇ ಕೆಲಸ ಮಾಡಿ ನೋಡಿದರು. ಏಳು ಹಳ್ಳಿ, ಎಂಟು ತಿಂಗಳು. ಕಂಪ್ಯೂಟರ್ ಮಾಡುತ್ತಿದ್ದ ಕೆಲಸವೆಲ್ಲ ನಡೆಯಿತು, ಖರ್ಚು ಇಳಿಯಿತು, ರೈತರಿಗೂ ಅದೇ ಹೆಚ್ಚು ಹಿಡಿಸಿತು. ಪ್ರಯೋಗದ ಹೆಸರು 'ವಾರಣಾ ಅನ್‌ವೈರ್ಡ್'. ಕಟ್ಟಿದ ತಂತಿ ಬಿಚ್ಚಿ ಹೆಸರು ಗಳಿಸಿದ ಊರು ನಾಡಿನಲ್ಲಿ ಎಷ್ಟಿದ್ದಾವು?

ಈ ಕಥೆ ಕೇಳಿದ ದಿವಾಣಜಿ, ಈ-ವೇ ಬಿಲ್ಲನ್ನೂ ಎಸ್ಸೆಮ್ಮೆಸ್ಸಿನಲ್ಲಿ ತೆಗೆಯುವ ಸೌಲಭ್ಯವಿದೆ ಎಂದು ಪತ್ತೆ ಹಚ್ಚಿದರು. ಗೋಮಾಳ ಬಿಟ್ಟು ಕಾಲುದಾರಿ ಹಿಡಿದಂತೆ. ಒಂದೇ ಅಡ್ಡಿ: ಶೆಡ್ಡಿನೊಳಗೆ ಮೊಬೈಲಿಗೂ ರೇಂಜ್ ಇಲ್ಲ. ತಗಡಿಗೆ ಪಕ್ಷಪಾತವಿಲ್ಲ.

ರೇಂಜಿನ ವಿಷಯದಲ್ಲಿ ಅವರ ಸ್ವಂತ ಊರಿನದ್ದೇ ಒಂದು ಪುರಾಣ. ಕೊಲ್ಲಾಪುರದಿಂದ ಹೆದ್ದಾರಿ ಹಿಡಿದರೆ ಕಾಗಲ್ ಮಹಾರಾಷ್ಟ್ರ, ನಿಪ್ಪಾಣಿ, ಸಂಕೇಶ್ವರ ಕರ್ನಾಟಕ, ಗಡಹಿಂಗ್ಲಜ ಮತ್ತೆ ಮಹಾರಾಷ್ಟ್ರ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟರೂ ಗಡಿಯ ಜಗಳ ಮುಗಿದಿಲ್ಲ. ಟವರುಗಳು ಮಾತ್ರ ಯಾರ ವರದಿಗೂ ಕಾಯದೆ ಎರಡೂ ಕಡೆಗೆ ಕೈ ಚಾಚುತ್ತವೆ. ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕ ಕೈಬಿಟ್ಟದ್ದು 2017ರ ಸುಮಾರಿಗೆ. ಅದಕ್ಕೂ ಮೊದಲು ಗಡಿಯಂಚಿನ ಹೊಲದಲ್ಲಿ ಒಬ್ಬ ನಾಲ್ಕು ಹೆಜ್ಜೆ ಅತ್ತ ಹೋದರೆ ಕರೆಯ ದರ ಏರುತ್ತಿತ್ತು. "ಕಾಕಾ, ಮೆಣಸಿನಕಾಯಿ ದರ ಏನೈತ್ರಿ?" ಎಂದು ಕೇಳಿದರೆ, "ತಡೀಪಾ, ಮಹಾರಾಷ್ಟ್ರಕ್ಕ ಬಂದು ಹೇಳತೇನು" ಎಂದು ಕಾಕಾ ಬದು ದಾಟುತ್ತಿದ್ದರು.

ಈಗ ಶುಲ್ಕ ಹೋಗಿದೆ, ಕರೆ ತಪ್ಪಿಸುವ ನೆಪವೂ ಹೋಗಿದೆ. ತಂತಿ ಇದ್ದ ಕಾಲದಲ್ಲಿ ಆಫೀಸು ಮೇಜಿಗೆ ಕಟ್ಟಿಹಾಕಿದ ಎತ್ತು. ಬಿಚ್ಚಿದ ಮೇಲೆ ಅದು ಚೈತ್ರದಲ್ಲಿ ಜ್ಯೋತಿಬಾ ಜಾತ್ರೆಗೂ ದಿವಾಣಜಿಯ ಬೆನ್ನು ಹತ್ತಿ ಬರುತ್ತದೆ. ಗುಡ್ಡದ ತುಂಬ ಗುಲಾಲು ಹಾರುವಾಗ ಕಿಸೆಯೊಳಗೆ ಶೇಠಜಿ: "ದಿವಾಣಜೀ, ಮೊನ್ನಿನ ಬಿಲ್ಲು ಎಲ್ಲೈತ್ರಿ?" ಗುಡ್ಡದ ಮೇಲೆ ರೇಂಜ್ ಪೂರ್ತಿ.

ಕೊನೆಗೆ ದಿವಾಣಜಿ ಹಟ ಹಿಡಿದು ಲ್ಯಾಪ್‌ಟಾಪಿಗೆ ನಲವತ್ತಡಿ ತಂತಿ ಎಳೆಸಿದರು, ಪ್ಲಾಸ್ಟಿಕ್ ಪೈಪಿನೊಳಗಿಂದ. ಬಿಲ್ಲಿಗೆ ತಂತಿ, ಬಂದುಹೋಗುವವರ ಮೊಬೈಲಿಗೆ ಗಾಳಿ. ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಡುತ್ತಿವೆ. ಪೈಪಿನ ಎರಡೂ ತುದಿಯಲ್ಲಿ ಗೇಣುದ್ದ ತಂತಿ ಬರಿಮೈಯಲ್ಲಿ ಉಳಿದಿತ್ತು. ಅದನ್ನು ಕಾಯಲು ಶೇಠಜಿ ಮನೆಯಿಂದ ಬೆಕ್ಕು ತಂದರು. ಅದರ ಹಾಲಿನ ಖರ್ಚನ್ನು ದಿವಾಣಜಿ 'ನೆಟ್‌ವರ್ಕ್ ದುರಸ್ತಿ' ಖಾತೆಗೆ ಬರೆಯುತ್ತಾರೆ. ಬೆಕ್ಕು ಹಗಲೆಲ್ಲ ಮಲಗುವುದು ನಾಲ್ಕನೆಯ ಕುರ್ಚಿಯಲ್ಲಿ.