ಕಾಕಾ ಕಡಲು ನೋಡಿದ್ದು

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮಂದಿ ಮಂಗಳೂರು ನೋಡಾಕ ಹೊಂಟ್ರ ಬ್ಯಾಗಿಗಿಂತ ಬುತ್ತಿ ಗಂಟೇ ದೊಡ್ಡದು. ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮ್ಯಾಲೆ ಇಂಡಿ ಲಿಂಬಿಕಾಯಿ ಉಪ್ಪಿನಕಾಯಿ. ರೈಲು ಸಕಲೇಶಪುರ ದಾಟಿ ಘಾಟ್ ಇಳಿಯೂದ್ರೊಳಗ ರೊಟ್ಟಿಯ ಖಡಕ್‌ತನ ಮುಗೀತು. ಅಲ್ಲಿ ಗಾಳಿನೂ ಹಸಿ!

ಪಣಂಬೂರು ದಂಡಿಗೆ ನಿಂತು ಕಾಕಾ ಬಾಳ ಹೊತ್ತು ಸಮುದ್ರ ನೋಡಿದ್ರು. "ಇಷ್ಟು ನೀರಿದ್ದೂ ಒಂದೆಕರೆ ಕಬ್ಬು ಹಚ್ಚಾಕ ಬರಂಗಿಲ್ಲಲ್ಲೋ ತಮ್ಮಾ!" ಆಲಮಟ್ಟಿ ಕಾಲುವಿ ನೀರಿಗೆ ಸರದಿ ಕಾದವರ ಹೊಟ್ಟಿಉರಿ ಅದು. ನಮ್ಮ ಕಡೆ ವರ್ಷಕ್ಕ ಬೀಳೂ ಮಳಿಯನ್ನ ಇವರು ಜುಲೈ ಒಂದ ತಿಂಗಳದಾಗ ಮುಗಸ್ತಾರ.

ಹೋಟೆಲಿನಾಗ ನೀರುದೋಸೆ ಎತ್ತಿ ಬೆಳಕಿಗೆ ಹಿಡಿದು, "ಇದರಾಗ ಆಚಿ ಟೇಬಲ್ಲಿನವರು ಕಾಣ್ತಾರ" ಅಂದ್ರು. ಎಂಟು ಇಳಿದ ಮ್ಯಾಲೆ "ಊಟ ಯಾವಾಗ?" "ಗಡ್‌ಬಡ್ ತಿನ್ನಿ ಮಾರಾಯ್ರೆ" ಅಂದ ಮಾಣಿ. ಉದ್ದನ್ನ ಗ್ಲಾಸು, ಉದ್ದನ್ನ ಚಮಚ, ಒಳಗ ಐಸ್‌ಕ್ರೀಮು, ಜೆಲ್ಲಿ, ಗೋಡಂಬಿ. ಕಾಕಾನ ಮಾತು ಬಂದ್.

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಾಗ ಹಿಂದಿನಿಂದ "ಯಾವೂರ್ರೀ ಕಾಕಾ?" ಗಾರೆ ಕೆಲಸಕ್ಕ ಬಂದ ಸಿಂದಗಿ ಹುಡುಗ್ರು. ಸುಲ್ತಾನ್ ಬತ್ತೇರಿ ನೋಡೂದು ಅಲ್ಲಿಗೇ ಉಳೀತು. ಕಾಕಾ ಅವರ ಜೋಡಿ ತೊಗರಿ ರೇಟು ಮಾತಾಡ್ಕೋತ ಕುಂತ್ರು.