ಬೀರು-ಬೋರ್ಡು ಸಂಬಂಧ ಮೀಮಾಂಸೆ: ಗಣಕ ವಾಸ್ತುಶಾಸ್ತ್ರ ಕಲಿಕೆಯ ಒಂದು ಪ್ರಮಾಣಾತ್ಮಕ ಅಧ್ಯಯನ

ಉನ್ನತ ಗಣಕ ವಾಸ್ತುಶಾಸ್ತ್ರವೆಂಬ ವಿಷಯವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಯು ಅರಗಿಸಿಕೊಳ್ಳದೆಯೂ ಪಾಸಾಗುವ ವಿದ್ಯಮಾನದ ಬಹುಶಿಸ್ತೀಯ, ಬಹುಸ್ತರೀಯ, ಪ್ರಮಾಣಾತ್ಮಕ ವಿಶ್ಲೇಷಣೆಯೇ ಪ್ರಸ್ತುತ ಪ್ರಬಂಧದ ಪ್ರಮೇಯ. (‘ಪ್ರಮಾಣಾತ್ಮಕ’ ಎಂಬ ಮಾತನ್ನು ಹೆನೆಸ್ಸಿ-ಪ್ಯಾಟರ್ಸನ್ ಜೋಡಿಯ 1990ರ ಪುಸ್ತಕದ ರಟ್ಟಿನಿಂದ ಎತ್ತಿದ್ದೇನೆ. ನಮ್ಮ ಮೇಷ್ಟ್ರು ಆ ರಟ್ಟು ದಾಟಿದ್ದನ್ನು ಕಂಡವರಿಲ್ಲ.)

ಪ್ರೊಸೆಸರಿನ ಪೈಪ್‌ಲೈನಿಗೆ ಹಂತಗಳು ಐದು: ತರುವುದು, ಬಿಡಿಸುವುದು, ಮಾಡುವುದು, ಮೆಮೊರಿ, ಬರೆದಿಡುವುದು. ವಿದ್ಯಾರ್ಥಿಗೂ ಅವೇ. ಸೀನಿಯರಿಂದ ನೋಟ್ಸ್ ತರುವುದು, ಮಸುಕಾದ ಜೆರಾಕ್ಸಿನಲ್ಲಿ ಅಕ್ಷರ ಬಿಡಿಸುವುದು, ಲ್ಯಾಬ್ ರೆಕಾರ್ಡು ಬರೆದಿಡುವುದು. ನಡುವಿನ ಎರಡು ಹಂತ ನಮ್ಮ ಕಾಲೇಜಿನಲ್ಲಿ ಇರಲಿಲ್ಲ.

ಪೈಪ್‌ಲೈನಿನ ವಿಘ್ನಗಳು ತ್ರಿವಿಧ. ಮೊದಲನೆಯದು ರಾಚನಿಕ ವಿಘ್ನ: ಒಂದೇ ಯಂತ್ರಭಾಗಕ್ಕೆ ಇಬ್ಬರು ಕೈಚಾಚುವುದು. ನಾವು ಒಂದು 8085 ಕಿಟ್ಟಿಗೆ ಆರು ಜನ. 1976ರ ಚಿಪ್ಪು ಅದು. ‘ಎಫ್’ ಕೀ ಒಮ್ಮೆ ಒತ್ತಿದರೆ ಎರಡು ಸಲ ಮೂಡುತ್ತಿತ್ತು. ಎರಡನೆಯದು ದತ್ತವಿಘ್ನ: ಹಿಂದಿನ ಆದೇಶದ ಫಲ ಬರುವ ಮುಂಚೆಯೇ ಮುಂದಿನದಕ್ಕೆ ಅದು ಬೇಕಾಗುವುದು. ರೂಮ್‌ಮೇಟ್ ರೆಕಾರ್ಡು ಮುಗಿಸದೆ ನಾನು ಕಾಪಿ ಹೊಡೆಯುವುದೆಂತು? ಇದಕ್ಕೆ ಶಾಸ್ತ್ರೋಕ್ತ ಪರಿಹಾರ ಫಾರ್ವರ್ಡಿಂಗ್. ವಾಟ್ಸ್ಆ್ಯಪ್ಪಿನಲ್ಲೂ ಅದರ ಹೆಸರು ಅದೇ. ಮೂರನೆಯದು ಕವಲುವಿಘ್ನ: ಯಾವ ಕವಲು ಹಿಡಿಯಬೇಕೆಂದು ತಿಳಿಯುವ ಮುಂಚೆಯೇ ಊಹಿಸಿ ಮುಂದೆ ಹೋಗಬೇಕಾಗುವುದು. ಎರಡು ಬಿಟ್ಟಿನ ಊಹಾಯಂತ್ರ ಕೂಡ ಸತತ ಎರಡು ಸಲ ಎಡವಿದರೆ ದಾರಿ ಬದಲಿಸುತ್ತದೆ. ನಮ್ಮ ಮೇಷ್ಟ್ರ ಪಿಪಿಟಿಯೋ... ಹೋಗಲಿ, ವರ್ಗೀಕರಣ ಸಾಕು.

ವಿಷಯ ಏನೆಂದರೆ, ಲ್ಯಾಬಿನ ಮೂಲೆಯ ಕಬ್ಬಿಣದ ಬೀರುವಿನಲ್ಲಿ ಎಂಟು ಎಫ್‌ಪಿಜಿಎ ಬೋರ್ಡುಗಳಿದ್ದವು. ನಾವು ಬರೆದ ಸರ್ಕೀಟಿನ ರೂಪವನ್ನೇ ತಾಳುವ ಚಿಪ್ಪು ಅವುಗಳಲ್ಲಿ. ಇವತ್ತು ಕೂಡುವ ಯಂತ್ರ, ನಾಳೆ ಪ್ರೊಸೆಸರ್. ನಾನು ಅವನ್ನು ಕಂಡದ್ದು ಒಂದೇ ಸಲ, ತಪಾಸಣೆಗೆ ಸಮಿತಿ ಬಂದ ದಿನ. ಮೇಜಿಗೆ ಹಸಿರು ಬಟ್ಟೆ ಹಾಸಿ ಸಾಲಾಗಿ ಇಟ್ಟಿದ್ದರು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ. ಸಂಜೆ ಮತ್ತೆ ಒಳಗೆ.

“ಒಂದು ಕೊಡಿ ಅಣ್ಣಾ,” ಅಂದೆ ಅಟೆಂಡರಿಗೆ.

“ಸ್ಟಾಕ್ ರಿಜಿಸ್ಟರಲ್ಲಿರೋ ಐಟಂ ಕಣಪ್ಪಾ. ಸುಟ್ಟೋದ್ರೆ ಯಾರು ಕಟ್ಟೋರು?”

ಅವರದ್ದೇನು ತಪ್ಪು. ಆದರೆ ಬರ್ಕ್‌ಲಿಯಲ್ಲಿ 2010ರಲ್ಲಿ ಶುರುವಾದ ರಿಸ್ಕ್-ಫೈವ್ ಆದೇಶಪಟ್ಟಿಗೆ ಯಾರೂ ಬಿಡಿಗಾಸು ಕೊಡಬೇಕಿಲ್ಲ. ಅದನ್ನೇ ಹಿಡಿದು ಮದ್ರಾಸ್ ಐಐಟಿಯವರು ‘ಶಕ್ತಿ’ ಪ್ರೊಸೆಸರ್ ಕಟ್ಟಿದರು. ನಾವೂ ಪುಟ್ಟದೊಂದು ಕಟ್ಟಬಹುದಿತ್ತಲ್ಲ! ನಾಲ್ಕು ವರ್ಷ ರೀ! ಫೀಸಿನ ರಸೀದಿಯಲ್ಲಿ ‘ಲ್ಯಾಬ್ ಶುಲ್ಕ’ ಅಂತ ಬೇರೆ ಸಾಲೇ ಇತ್ತು. ಒಂದು ಎಲ್‌ಇಡಿ ಮಿಣುಕಿದ್ದರೂ ಸಾಕಿತ್ತು ನನಗೆ.

ಕೊನೆಯ ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದ್ದು ಒಂದೇ: ಎಫ್‌ಪಿಜಿಎ ಅಂದರೆ ಪೂರ್ತಿ ಹೆಸರೇನು? ಹೇಳಿದೆ. “ಗುಡ್,” ಅಂದರು. ಬೀರು ಅವರ ಕುರ್ಚಿಯ ಹಿಂದೆಯೇ ಇತ್ತು, ಬೀಗ ಸಮೇತ.