ಹೆಬ್ಬೆರಳು ನಿಮ್ಮದು, ಡೀಸೆಲ್ ಯಾರದು?

ಅರ್ಜೆಂಟೀನಾ ಮುಖ್ಯಭೂಮಿಯ ದಕ್ಷಿಣ ತುದಿಯಿಂದ ಬೊಲಿವಿಯಾ ಗಡಿಯ ಲಾ ಕಿಯಾಕಾವರೆಗೆ, ಆಂಡಿಸ್ ಪರ್ವತದ ಮಗ್ಗುಲಲ್ಲಿ 5,000 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಮಲಗಿರುವ ಹೆದ್ದಾರಿ ರೂಟಾ 40. ಪೆಟಗೋನಿಯಾದ ಬಾಹೊ ಕಾರಕೋಲೆಸ್ ಎಂಬ, ಊರು ಎನ್ನಲು ತುಸು ಧೈರ್ಯ ಬೇಕಾದ ಜಾಗದ ಬಳಿ ಅದರ ನಂಬರ್ ಫಲಕವೊಂದನ್ನು ಮಾತಾಡಿಸಿದೆವು. ಗಾಳಿ ಜೋರಿತ್ತು, ಕೆಲವು ಉತ್ತರಗಳು ಅಟ್ಲಾಂಟಿಕ್ ಕಡೆಗೆ ಹಾರಿಹೋದವು.

ನಮಸ್ಕಾರ. ನಿಮ್ಮ ಮೇಲೆ ಏನು ಬರೆದಿದೆ?

40 ಅಂತ. ಕಾಣಿಸದು ಬಿಡಿ. ಸೈಕಲ್ ಸಂಘದವರು, ಬೈಕ್ ಕ್ಲಬ್ಬಿನವರು, ‘ಜಗತ್ತೇ ನನ್ನ ಮನೆ’ ಅನ್ನುವವರು, ಎಲ್ಲರ ಸ್ಟಿಕ್ಕರೂ ನನ್ನ ಮುಖದ ಮೇಲಿದೆ. ಅಂಟಿಸಲೇಬೇಕಿದ್ದರೆ ಬೆನ್ನಿದೆಯಲ್ಲ, ಖಾಲಿ!

ಲಿಫ್ಟಿಗಾಗಿ ಕೈಯೆತ್ತಿ ನಿಲ್ಲುವವರು ಬಹಳವೇ?

ಡಿಸೆಂಬರಿನಿಂದ ಫೆಬ್ರವರಿವರೆಗೆ, ಅಂದರೆ ನಮ್ಮ ಬೇಸಿಗೆಯಲ್ಲಿ. ಈ ಸಾಂತಾ ಕ್ರೂಸ್ ಪ್ರಾಂತ ನಿಮ್ಮ ಕರ್ನಾಟಕಕ್ಕಿಂತ ದೊಡ್ಡದು. 2022ರ ಜನಗಣತಿಗೆ ಸಿಕ್ಕ ಜನ ಮೂರೂವರೆ ಲಕ್ಷವೂ ಇಲ್ಲ. ಅವರಲ್ಲಿ ವಾಹನ ಇದ್ದವರು, ಅದರಲ್ಲಿ ಈ ಕಡೆ ಬರುವವರು, ಅದರಲ್ಲೂ ಸೀಟು ಖಾಲಿ ಇದ್ದವರು... ಲೆಕ್ಕ ಹಾಕಿ, ಟೆಂಟ್ ತನ್ನಿ.

ಹೀಗೆ ಕೈಯೆತ್ತುವುದು ಹಳೆಯ ಪದ್ಧತಿಯಂತೆ, ಹೌದೇ?

ತೀರಾ ಹಳೆಯದು. ಇಲ್ಲೇ ಪಿಂತುರಾಸ್ ನದಿಯ ಕಮರಿಯಲ್ಲಿ ಕೈಗಳ ಗುಹೆ ಇದೆ. ಸುಮಾರು 9,000 ವರ್ಷದ ಹಿಂದೆಯೇ ಬಂಡೆಗೆ ಅಂಗೈ ಇಟ್ಟು, ಸುತ್ತ ಬಣ್ಣ ಊದಿ ಗುರುತು ಬಿಟ್ಟಿದ್ದಾರೆ. ಹೆಚ್ಚಿನವು ಎಡಗೈ. 1999ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪಾರಂಪರಿಕ ತಾಣ ಅಂದಿತು. ವಿದ್ವಾಂಸರು ಏನೇನೋ ಹೇಳುತ್ತಾರೆ. ನನ್ನ ಪ್ರಕಾರ ಅವರೂ ಲಿಫ್ಟಿಗೇ ಕಾದವರು.

ಕ್ರಾಂತಿಕಾರಿ ಚೆ ಗೆವಾರನೂ ಲಿಫ್ಟ್ ಕೇಳುತ್ತಾ ಇಲ್ಲಿಗೆ ಬಂದಿದ್ದನೇ?

ಈ ಕಡೆ ಬರಲಿಲ್ಲ. 1952ರಲ್ಲಿ ಗೆಳೆಯ ಗ್ರನಾಡೊನ ಹಳೇ ನಾರ್ಟನ್ ಬೈಕು ಚಿಲಿಯಲ್ಲಿ ಪ್ರಾಣಬಿಟ್ಟ ಮೇಲೆ ಇಬ್ಬರೂ ಲಾರಿ ಹತ್ತಿದರು, ಚುಕಿಕಮಾಟ ಗಣಿಯ ಕೂಲಿಗಳ ಪಾಡು ಕಂಡರು. ಅವನ ಮುಖದ ಟೀ ಶರ್ಟ್ ತೊಟ್ಟವರು ಮಾತ್ರ ಇಲ್ಲಿ ಬೇಕಾದಷ್ಟು ಬರುತ್ತಾರೆ. ಅವರು ನೋಡುವುದು ಮೊಬೈಲಿಗೆ ಸಿಗ್ನಲ್ ಇದೆಯೇ ಅಂತ.

ಅಂತೂ ಲಿಫ್ಟ್ ಅಂದರೆ ಖರ್ಚಿಲ್ಲದ ಪ್ರಯಾಣ.

ಯಾರಿಗೆ ಖರ್ಚಿಲ್ಲ? ಡೀಸೆಲ್ ಡ್ರೈವರನದು, ಟೈರ್ ಡ್ರೈವರನದು. ಗ್ರೆಗೋರೆಸ್ ಊರಿನಿಂದ ತ್ರೆಸ್ ಲಾಗೋಸ್ ಊರಿನ ಕಡೆಗೆ ವರ್ಷಾನುಗಟ್ಟಲೆ ಡಾಂಬರು ಕಾಣದ ಜಲ್ಲಿ ದಾರಿಯಿದೆ; ‘ಹಾಳಾದ 73 ಕಿಲೋಮೀಟರ್’ ಅಂತಲೇ ಹೆಸರು. ಅಲ್ಲಿ ಕಲ್ಲು ಸಿಡಿದು ಗಾಜು ಒಡೆದರೆ ‘ಫ್ರೀ’ಯ ಬೆಲೆ ಎಷ್ಟು ಅಂತ ಡ್ರೈವರನ ಹೆಂಡತಿಯನ್ನು ಕೇಳಿ. ಬದಲಿಗೆ ಅವನು ಬಯಸುವುದು ಇಷ್ಟೇ: ತೂಕಡಿಕೆ ಬರದಂತೆ ಮಾತಾಡು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ‘ಮಾತೆ’ ಕೊಡು. ಮಾತೆ ಅಂದರೆ ಕಹಿ ಎಲೆಯ ಕಷಾಯ. ಒಂದೇ ಸೋರೆ ಬುರುಡೆ, ಒಂದೇ ಕೊಳವೆ, ಎಲ್ಲರೂ ಅದರಲ್ಲೇ ಹೀರಬೇಕು. ಎಂಜಲು-ಮಡಿ ಅನ್ನುವವರು ಬಸ್ಸು ಹುಡುಕಿಕೊಳ್ಳಲಿ. ಮೊದಲ ಸರದಿಗೇ ಧನ್ಯವಾದ ಹೇಳಿದಿರೋ, ನಿಮಗೆ ಸಾಕಾಯಿತು ಅಂದುಕೊಂಡು ಮತ್ತೆ ಕೊಡುವುದಿಲ್ಲ. ಸೌಜನ್ಯಕ್ಕೆ ಬಾಯಿ ಒಣಗಿದವರನ್ನು ಬಹಳ ನೋಡಿದ್ದೇನೆ.

ದಾರಿ ಬದಿ ನೀರಿನ ಬಾಟಲಿಗಳ ರಾಶಿ ಕಂಡೆವು.

ಅದು ದಿಫುಂತಾ ಕೊರೆಯಾಳ ಗುಡಿ. ಮರುಭೂಮಿಯಲ್ಲಿ ಬಾಯಾರಿ ಸತ್ತಳಂತೆ. ಮಗು ಮಾತ್ರ ಅವಳ ಎದೆಹಾಲು ಕುಡಿಯುತ್ತಾ ಬದುಕಿತ್ತು ಅಂತ ಜನರ ನಂಬಿಕೆ. ಡ್ರೈವರುಗಳು ಹರಕೆ ಹೊತ್ತು ನೀರಿಡುತ್ತಾರೆ. ನಿನ್ನೆ ಒಬ್ಬ ಮಹಾಶಯ ಅದೇ ನೀರಲ್ಲಿ ನೂಡಲ್ಸ್ ಬೇಯಿಸಿಕೊಂಡ. ಬಜೆಟ್ ಅಂತೆ.

ಉತ್ತರ ದಿಕ್ಕಿನ ಸಮಾಚಾರ?

ಲಾ ಕಿಯಾಕಾದಲ್ಲಿ ನಮ್ಮಣ್ಣ ನಿಂತಿದ್ದಾನೆ, ಅವನು ಹೇಳಿದ್ದು. ಗಡಿ ದಾಟಿದರೆ ಬೊಲಿವಿಯಾದ ಹಳ್ಳಿಗಾಡಿನಲ್ಲಿ ಎಷ್ಟೋ ಕಡೆ ಲಾರಿಯೇ ಬಸ್ಸು. ಆಲೂಗಡ್ಡೆ ಮೂಟೆ, ಕುರಿ, ಅಜ್ಜಿ, ಮೊಮ್ಮಗು ಎಲ್ಲ ಒಂದರಲ್ಲೇ. ಅಜ್ಜಿ ಚಿಲ್ಲರೆ ಎಣಿಸಿ ಬಾಡಿಗೆ ಕೊಟ್ಟು ಇಳಿಯುತ್ತಾಳೆ. ಹೆಬ್ಬೆರಳು ತೋರಿಸಿ ಹತ್ತಿದವನು ಮಾತ್ರ ‘ಲಿಫ್ಟ್ ಅಂದುಕೊಂಡೆ’ ಅಂತ ಹಲ್ಲು ಕಿರಿಯುತ್ತಾನೆ. ಅವನ ಕೊರಳಲ್ಲಿ ನೇತಾಡುವ ಕ್ಯಾಮೆರಾ ಮಾರಿದರೆ ಅಜ್ಜಿ ವರ್ಷಗಟ್ಟಲೆ ಸಂತೆಗೆ ಹೋಗಿಬರಬಹುದು. ಬಡತನ ಒಬ್ಬನಿಗೆ ರಜೆ, ಇನ್ನೊಬ್ಬಳಿಗೆ ಊರು.

ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ಬನ್ನಿ, ಬರಬೇಡಿ ಅನ್ನುವುದಿಲ್ಲ. ನಾಲ್ಕು ಮಾತು ಸ್ಪ್ಯಾನಿಷ್ ಕಲಿತು ಬನ್ನಿ. ಎರಡು ದಿನಕ್ಕಾಗುವಷ್ಟು ನೀರು ನಿಮ್ಮದೇ ಇರಲಿ. ಬೊಲಿವಿಯಾದಲ್ಲಿ ಲಾರಿ ಹತ್ತುವ ಮೊದಲೇ ಬಾಡಿಗೆ ಎಷ್ಟೆಂದು ಕೇಳಿ. ಅಜ್ಜಿ ಕೊಟ್ಟಷ್ಟನ್ನಾದರೂ ಕೊಟ್ಟು ಇಳಿಯಿರಿ.